ಮಾತ್ರೆ ಶುರುವಾದ ಮೇಲೆ ಮನಸ್ಸು ಕೆಟ್ಟಿತೇ? ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕೊಡಗಿನ ಒಂದು ಸಣ್ಣ ಪೇಟೆಯಲ್ಲಿ ನನ್ನ ಔಷಧಿ ಅಂಗಡಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಈ ಕೌಂಟರಿನ ಹಿಂದೆ ನಿಂತಿದ್ದೇನೆ. ಹೊಟ್ಟೆ ಕೆಟ್ಟರೆ, ಮೈ ತುರಿಸಿದರೆ ಜನ ಮಾರನೇ ದಿನವೇ ಸ್ಟ್ರಿಪ್ ಹಿಡಿದುಕೊಂಡು ಬರುತ್ತಾರೆ. "ಅಕ್ಕ, ಈ ಮಾತ್ರೆ ನನಗೆ ಆಗಿ ಬರಲಿಲ್ಲ" ಅಂತಾರೆ. ಮನಸ್ಸು ಕೆಟ್ಟರೆ ಮಾತ್ರ ಯಾರೂ ಬರುವುದಿಲ್ಲ. ಮಳೆ ಅಂತಾರೆ, ಸಾಲ ಅಂತಾರೆ, ಸೊಸೆ ಅಂತಾರೆ. ಅವೂ ಇರಬಹುದು. ಮಾತ್ರೆಯೂ ಇರಬಹುದು ಅನ್ನುವುದು ಹೊಳೆಯುವುದೇ ಇಲ್ಲ. ಅಂಗಡಿ ಖಾಲಿಯಾದ ಮೇಲೆ ಜನ ಮೆಲ್ಲಗೆ ಕೇಳಿದ ಪ್ರಶ್ನೆಗಳು ಇವು. ನಾನು ಫಾರ್ಮಸಿಸ್ಟ್, ಡಾಕ್ಟರಲ್ಲ. ಮಾತ್ರೆ ಬದಲಾಯಿಸುವುದು ನಿಮ್ಮ ಡಾಕ್ಟರ ಕೆಲಸ. ಅನುಮಾನ ಹುಟ್ಟಿಸುವುದು ನನ್ನ ಕೆಲಸ.

ಮೈಗೆ ಕೊಟ್ಟ ಮಾತ್ರೆ ಮನಸ್ಸಿಗೆ ಹೇಗೆ ತಾಗುತ್ತದೆ?

ಮಂಡಿ ನೋವಿನ ಮಾತ್ರೆ ಸೀದಾ ಮಂಡಿಗೆ ಹೋಗುವುದಿಲ್ಲ, ಅಲ್ವಾ? ಕರಗಿ ರಕ್ತಕ್ಕೆ ಸೇರುತ್ತದೆ. ರಕ್ತ ಮೈಯೆಲ್ಲಾ ಸುತ್ತುತ್ತದೆ, ಮಿದುಳಿಗೂ ಹೋಗುತ್ತದೆ. ಎಲ್ಲ ಔಷಧಿಯೂ ಮಿದುಳಿನ ಒಳಗೆ ನುಗ್ಗಲಾರದು, ಅಲ್ಲೊಂದು ತಡೆ ಇದೆ. ಆದರೂ ನುಗ್ಗುವವು ಬೇಕಾದಷ್ಟಿವೆ. ಇನ್ನು ಕೆಲವು ಸುತ್ತು ದಾರಿ ಹಿಡಿಯುತ್ತವೆ. ನಿದ್ದೆ ಕೆಡಿಸುತ್ತವೆ, ಸಕ್ಕರೆ ಇಳಿಸುತ್ತವೆ, ಹಾರ್ಮೋನು ಏರುಪೇರು ಮಾಡುತ್ತವೆ. ಆಮೇಲೆ ಮನಸ್ಸು ಕೆಡಲು ಬೇರೆ ಕಾರಣ ಬೇಕಾ?

ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೂ ಬೆಳೆಯುವ ಸರ್ಪಗಂಧವನ್ನೇ ನೋಡಿ. ಅದರ ಬೇರಿನಿಂದ 1952ರಲ್ಲಿ ರಿಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದರು. ಬಿಪಿ ಇಳಿಸಲು ಅದು ಆ ಕಾಲದ ದೊಡ್ಡ ಮದ್ದು. ಆದರೆ ತಿಂದವರಲ್ಲಿ ಕೆಲವರು ಮಂಕಾಗಿ ಮೂಲೆ ಹಿಡಿದರು. ಎಷ್ಟು ಜನಕ್ಕೆ ಹಾಗಾಯಿತು ಅನ್ನುವ ವಾದ ಇನ್ನೂ ಮುಗಿದಿಲ್ಲ. ಬೇರು ನಾರಿಗೆ ಸೈಡ್ ಎಫೆಕ್ಟ್ ಇಲ್ಲ ಅನ್ನುವವರಿಗೆ ನಾನು ಈ ಕಥೆಯನ್ನೇ ಹೇಳುವುದು.

ನನ್ನ ಬೇಸರ ಮಾತ್ರೆಯದೋ ಮಳೆಯದೋ, ಹೇಗೆ ತಿಳಿಯುವುದು?

ತಾರೀಖು ನೋಡಿ. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಗುರುತು ಹಾಕಿ. ಮನಸ್ಸು ಸರಿ ಇಲ್ಲ ಅಂತ ಮೊದಲು ಅನ್ನಿಸಿದ್ದು ಯಾವಾಗ? ಮಾತ್ರೆಯಲ್ಲಿ ಬದಲಾವಣೆ ಆಗಿದ್ದು ಯಾವಾಗ? ಬದಲಾವಣೆ ಅಂದರೆ ಹೊಸದು ಶುರುವಾಗಿದ್ದು ಮಾತ್ರ ಅಲ್ಲ. ಡೋಸ್ ಏರಿಸಿದ್ದು, ಇಳಿಸಿದ್ದು, ತಿನ್ನುವುದು ಬಿಟ್ಟಿದ್ದು, ಎಲ್ಲಾ ಸೇರಿ.

ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಸರಿಯಾಗಿ ಕಾಣುವುದಿಲ್ಲ. ಬಟ್ಟೆ ಒಣಗುವುದಿಲ್ಲ, ಕರೆಂಟ್ ಇರುವುದಿಲ್ಲ. ಮಂಕು ಕವಿಯುವುದು ಸಹಜವೇ. ಆದರೆ ಹೋದ ವರ್ಷದ ಮಳೆಯಲ್ಲಿ ಚೆನ್ನಾಗಿದ್ದವರು ಈ ವರ್ಷ ಯಾಕೆ ಹೀಗಾದರು ಅಂತ ಕೇಳಿಕೊಳ್ಳಿ.

ಮನೆಯವರನ್ನೂ ಕೇಳಿ. ನಮ್ಮ ಸಿಟ್ಟು ನಮಗೆ ಕಾಣುವುದಿಲ್ಲ. ಎದುರಿಗಿದ್ದವರೇ ತಪ್ಪು ಮಾಡಿದ ಹಾಗೆ ಕಾಣುತ್ತದೆ.

ಮಳೆಗಾಲ ಪೂರ್ತಿ ಮಗನಿಗೆ ಅಲರ್ಜಿ ಮಾತ್ರೆ ಕೊಡುತ್ತೇವೆ. ಈಚೆಗೆ ರಾತ್ರಿ ಕಿರುಚಿಕೊಂಡು ಏಳುತ್ತಾನೆ. ಸಂಬಂಧ ಇದೆಯಾ?

ಇರಬಹುದು. ಸ್ಟ್ರಿಪ್ ತಿರುಗಿಸಿ ಓದಿ. ಮಾಂಟೆಲುಕಾಸ್ಟ್ ಅಂತ ಇದೆಯಾ? ಲೆವೊಸೆಟಿರಿಜಿನ್ ಜೊತೆ ಸೇರಿಸಿ ಬರುವ ಮಾತ್ರೆಗಳ ಹೆಸರಿನ ಕೊನೆಯಲ್ಲಿ ಹೆಚ್ಚಾಗಿ ಎಲ್‌ಸಿ ಅಂತ ಇರುತ್ತದೆ. ಗೋಡೆಗೆಲ್ಲಾ ಬೂಷ್ಟು ಹಿಡಿಯುವ ನಮ್ಮ ಊರಲ್ಲಿ ಸೀನು, ಉಬ್ಬಸ ಇಲ್ಲದ ಮನೆಯೇ ಕಡಿಮೆ. ಹಾಗಾಗಿ ಜೂನ್ ಬಂದರೆ ಈ ಮಾತ್ರೆ ನನ್ನ ಅಂಗಡಿಯಿಂದ ಅಕ್ಕಿ ಬೇಳೆಯ ಹಾಗೆ ಹೋಗುತ್ತದೆ.

ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ ಕೆಟ್ಟ ಕನಸು, ಸಿಡಿಮಿಡಿ, ಹೆದರಿಕೆ, ಬೇಸರ ಬರುತ್ತದೆ. ಅಪರೂಪಕ್ಕೆ ಸಾಯುವ ಯೋಚನೆಯೂ ಬರುತ್ತದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಔಷಧಿಗೆ 2020ರ ಮಾರ್ಚ್‌ನಲ್ಲಿ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿತು. ಬರೀ ಸೀನು, ಮೂಗು ಸೋರುವುದಕ್ಕಾದರೆ ಬೇರೆ ಔಷಧಿಗಳನ್ನು ಮೊದಲು ನೋಡಿ, ಅವು ಆಗದಿದ್ದರೆ ಇದು ಅಂತಲೂ ಹೇಳಿತು. ಮಕ್ಕಳ ವಿಷಯದಲ್ಲಿ ಕಷ್ಟ ಏನೆಂದರೆ, ಮಗು "ನನಗೆ ಬೇಸರ" ಅಂತ ಹೇಳುವುದಿಲ್ಲ. ತಂಗಿಗೆ ಹೊಡೆಯುತ್ತದೆ, ಶಾಲೆಗೆ ಒಲ್ಲೆ ಅನ್ನುತ್ತದೆ. ನಾವು ಅದಕ್ಕೆ ಎರಡು ಬಿಡುತ್ತೇವೆ.

ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಸಾಮಾನ್ಯವಾಗಿ ಮಾತ್ರೆ ನಿಂತ ಮೇಲೆ ಸರಿಹೋಗುತ್ತದೆ, ಕೆಲವರಲ್ಲಿ ನಿಧಾನ ಆಗುತ್ತದೆ. ಉಬ್ಬಸದ ಮಗುವಾದರೆ ಇದರ ಬದಲಿಗೆ ಏನು ಅಂತ ಕೇಳದೆ ಸುಮ್ನೆ ನಿಲ್ಲಿಸಬೇಡಿ. ಇನ್‌ಹೇಲರ್ ಅಂತೂ ಬಿಡಲೇಬಾರದು.

ಸ್ಟೀರಾಯ್ಡ್ ತಿಂದರೆ ಹುಚ್ಚು ಹಿಡಿಯುತ್ತದಂತೆ, ನಿಜವಾ?

ಆ ಮಾತು ಅತಿಯಾಯಿತು. ಆದರೆ ಸುಳ್ಳೂ ಅಲ್ಲ.

ನಮ್ಮ ನೆಂಟರೊಬ್ಬರಿಗೆ ಉಬ್ಬಸ ಜೋರಾಗಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಟ್ಟಿದ್ದರು. ಮೂರನೇ ರಾತ್ರಿ ಎರಡು ಗಂಟೆಗೆ ಎದ್ದು ತೋಟದ ಲೆಕ್ಕ ಬರೆಯಲು ಕೂತರು. ಬೆಳಿಗ್ಗೆ ಹೊಸ ಜೀಪಿಗೆ ಮುಂಗಡ ಕೊಡಲು ಹೊರಟರು. ಮಾತೋ ಮಾತು. ಮನೆಯವರು "ಪಾಪ, ಹುಷಾರಾದರು" ಅಂತ ಖುಷಿಪಟ್ಟರು! ಐದನೇ ದಿನ ಕೆಲಸದವನ ಮೇಲೆ ಕೈ ಎತ್ತಿದಾಗಲೇ ಎಲ್ಲರಿಗೂ ಗಾಬರಿ. ಹುರುಪೂ ಒಂದು ಲಕ್ಷಣ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಕೆಲವರಿಗೆ ಹೀಗೆ ಹುರುಪು, ಕೆಲವರಿಗೆ ಅಳು, ಕೆಲವರಿಗೆ ಬರೀ ನಿದ್ದೆಗೇಡು.

ಇಲ್ಲಿ ಡೋಸ್ ಮುಖ್ಯ. ಬಾಸ್ಟನ್ನಿನ ತಂಡವೊಂದು 1972ರಲ್ಲಿ ಆಸ್ಪತ್ರೆಯ ರೋಗಿಗಳ ಲೆಕ್ಕ ಕೊಟ್ಟಿತ್ತು. ಇದೇ ಜಾತಿಯ ಪ್ರೆಡ್ನಿಸೋನ್ ಅನ್ನು ದಿನಕ್ಕೆ 40 ಮಿಲಿಗ್ರಾಂವರೆಗೆ ತಿಂದವರಲ್ಲಿ ನೂರಕ್ಕೆ 1.3 ಜನರಿಗೆ ಮನಸ್ಸಿನ ತೊಂದರೆ ಕಾಣಿಸಿತ್ತು. 80 ದಾಟಿದವರಲ್ಲಿ ನೂರಕ್ಕೆ 18.4. ಹಾಗಾಗಿ ಚೀಟಿಯಲ್ಲಿ ಎಷ್ಟು ಮಿಲಿಗ್ರಾಂ ಅಂತ ನೋಡಿಟ್ಟುಕೊಳ್ಳಿ. ದಿನಕ್ಕೊಂದು ಅಂತ ಬರೆದಿದ್ದರೆ ಬೆಳಿಗ್ಗೆ ತಿಂಡಿ ಆದ ಮೇಲೆ ತಿನ್ನಿ, ರಾತ್ರಿ ನಿದ್ದೆ ಕೆಡುವುದು ಕಡಿಮೆ.

ಕೆಲವು ವಾರ ತಿಂದಿದ್ದರೆ ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ. ಮೈ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ. ಡಾಕ್ಟರು ಹೇಳಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು.

ಇನ್ನೊಂದು ವಿಷಯ. ಹೆಸರಿಲ್ಲದ ಪೊಟ್ಟಣದಲ್ಲಿ "ಗಂಟು ನೋವಿಗೆ ಬೇರಿನ ಪುಡಿ" ಅಂತ ಬರುತ್ತದಲ್ಲ, ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಹಲವು ಕಡೆ ಸಿಕ್ಕಿಬಿದ್ದಿದೆ. ಎರಡೇ ದಿನದಲ್ಲಿ ನೋವು ಮಾಯ ಅಂದರೆ ನನಗೆ ಮೊದಲು ಬರುವ ಅನುಮಾನ ಅದೇ.

ಕಾಫಿ ಬಿಡಬೇಕಾ?

ಕೊಡಗಿನಲ್ಲಿ ಈ ಪ್ರಶ್ನೆ ಕೇಳುವಾಗ ಜನರ ಮುಖ ನೋಡಬೇಕು! ಬಿಡಬೇಕಿಲ್ಲ. ಆದರೆ ಮೂರು ಕಡೆ ಜಾಗ್ರತೆ.

ಮೊದಲನೆಯದು ಥೈರಾಯ್ಡ್ ಮಾತ್ರೆ. ಥೈರಾಕ್ಸಿನ್ ಅನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಬೇಕು. ಕಾಫಿ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಾದರೆ ನಾಲ್ಕು ಗಂಟೆ ಅಂತರ ಬೇಕು. ಥೈರಾಕ್ಸಿನ್ ಕಡಿಮೆಯಾದರೆ ಸುಸ್ತು, ಮಂಕು, ಯಾವುದೂ ಬೇಡ ಅನ್ನಿಸುವುದು. ಜಾಸ್ತಿಯಾದರೆ ಎದೆ ಡವಡವ, ಕೈ ನಡುಕ, ಸಿಡುಕು. "ಮಾತ್ರೆ ತಿಂತಾನೇ ಇದ್ದೀನಿ, ಆದ್ರೂ ಅಳು ಬರ್ತದೆ" ಅಂದ ಒಬ್ಬ ಅಕ್ಕನನ್ನು ವಿಚಾರಿಸಿದರೆ, ಅವರು ಮಾತ್ರೆಯನ್ನು ದಿನಾ ಬೆಲ್ಲದ ಕಾಫಿಯಲ್ಲೇ ನುಂಗುತ್ತಿದ್ದರು.

ಎರಡನೆಯದು ಸಿಪ್ರೊಫ್ಲಾಕ್ಸಾಸಿನ್. ಮೂತ್ರದ ಸೋಂಕಿಗೆ, ಭೇದಿಗೆ ಕೊಡುತ್ತಾರಲ್ಲ, ಅದು. ಕಾಫಿಯ ಕೆಫೀನ್ ಮೈಯಿಂದ ಹೊರಹೋಗುವುದನ್ನು ಇದು ನಿಧಾನ ಮಾಡುತ್ತದೆ. ಎರಡು ಲೋಟ ಕುಡಿದರೂ ನಾಲ್ಕು ಕುಡಿದ ಹಾಗೆ ಚಡಪಡಿಕೆ, ನಿದ್ದೆ ಇಲ್ಲ. ಉಬ್ಬಸದವರಿಗೆ ಕೊಡುವ ಥಿಯೋಫಿಲಿನ್ ಇರುವ ಮಾತ್ರೆಗೂ ಇದೇ ಕಥೆ, ಇನ್ನೂ ಜೋರಾಗಿ. ಎರಡೂ ಒಟ್ಟಿಗೆ ಬರೆದಿದ್ದರೆ ನಾನು ಡಾಕ್ಟರಿಗೆ ಫೋನ್ ಮಾಡಿ ಕೇಳದೆ ಕೊಡುವುದಿಲ್ಲ. ಕಾಫಿಯ ಮಾತು ಹಾಗಿರಲಿ, ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳೇ ಕೆಲವರಿಗೆ ಗಲಿಬಿಲಿ, ತಳಮಳ ತರುತ್ತವೆ. ಈ ಬಗ್ಗೆಯೂ ಎಫ್‌ಡಿಎ 2018ರಲ್ಲಿ ಎಚ್ಚರಿಕೆಯನ್ನು ಬಿಗಿ ಮಾಡಿತು.

ಮೂರನೆಯದು ಲಿಥಿಯಂ, ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಮಾತ್ರೆ. ಇದನ್ನು ತಿನ್ನುವವರು ಕಾಫಿಯನ್ನು ಒಮ್ಮೆಲೇ ಬಿಡಬಾರದು! ಬಿಟ್ಟರೆ ರಕ್ತದಲ್ಲಿ ಲಿಥಿಯಂ ಏರಬಹುದು. ದಿನಾ ಕುಡಿಯುವಷ್ಟೇ ಕುಡಿಯಿರಿ.

ಅಮ್ಮನಿಗೆ ತಲೆಸುತ್ತಿಗೆ ಅಂತ ಕೊಟ್ಟ ಮಾತ್ರೆ. ಒಂದು ವರ್ಷದಿಂದ ಅದೇ ಚೀಟಿ ತೋರಿಸಿ ತರುತ್ತಿದ್ದೇವೆ. ಈಗ ಮಾತೇ ಕಡಿಮೆಯಾಗಿದೆ.

ಫ್ಲೂನಾರಿಜಿನ್ ಇರಬಹುದು, ನೋಡಿ. ಅರೆತಲೆನೋವಿಗೆ, ತಲೆಸುತ್ತಿಗೆ ಒಳ್ಳೆಯ ಮಾತ್ರೆಯೇ. ಆದರೆ ತಿಂಗಳುಗಟ್ಟಲೆ ಹೋದರೆ ಕೆಲವರಿಗೆ ತೂಕ ಏರುತ್ತದೆ, ತೂಕಡಿಕೆ ಬರುತ್ತದೆ, ಮನಸ್ಸು ಕುಸಿಯುತ್ತದೆ. ವಯಸ್ಸಾದವರಿಗೆ ಕೈ ನಡುಕ, ನಡಿಗೆ ನಿಧಾನ ಕೂಡ. ವರ್ಷಗಟ್ಟಲೆ ಸುಮ್ನೆ ನುಂಗುವ ಮಾತ್ರೆ ಅಲ್ಲ ಅದು. ಎರಡು ತಿಂಗಳಾದರೂ ಗುಣ ಕಾಣದಿದ್ದರೆ ನಿಲ್ಲಿಸಬೇಕು, ಗುಣ ಕಂಡರೂ ಆರು ತಿಂಗಳಿಗೊಮ್ಮೆ ನಿಲ್ಲಿಸಿ ನೋಡಬೇಕು ಅನ್ನುವುದು ಪದ್ಧತಿ.

ಇದರಲ್ಲಿ ನನ್ನ ತಪ್ಪೂ ಇದೆ. ಹಿಂದೆ ಒಬ್ಬ ಅಜ್ಜಿಗೆ ಹಳೇ ಚೀಟಿ ನೋಡಿ ಎಂಟು ತಿಂಗಳು ಕೊಟ್ಟೆ. ಕೌಂಟರಿಗೆ ಬಂದಾಗಲೆಲ್ಲಾ ಏಲಕ್ಕಿ ರೇಟು ಕೇಳುತ್ತಿದ್ದವರು ಬರಬರುತ್ತಾ ದುಡ್ಡಿಟ್ಟು ಸುಮ್ಮನೆ ಹೋಗತೊಡಗಿದರು. ವಯಸ್ಸಾಯಿತು ಅಂದುಕೊಂಡೆ. ಆಮೇಲೆ ಬೇರೆ ಡಾಕ್ಟರು ಮಾತ್ರೆ ನಿಲ್ಲಿಸಿದರು. ಕೆಲವು ವಾರ ಕಳೆದು ಅಜ್ಜಿ ಬಂದು ಮತ್ತೆ ರೇಟು ಕೇಳಿದರು. ಅವತ್ತಿನಿಂದ ಹಳೇ ಚೀಟಿ ಕಂಡರೆ ಮೊದಲು ತಾರೀಖು ಓದುತ್ತೇನೆ. ಬೈಸಿಕೊಂಡಿದ್ದೂ ಇದೆ.

ನಮ್ಮ ಅತ್ತೆಗೆ ಶುಗರ್. ಮಧ್ಯಾಹ್ನದ ಊಟಕ್ಕೆ ಮುಂಚೆ ಯಾಕೋ ಎಲ್ಲರ ಮೇಲೂ ರೇಗುತ್ತಾರೆ.

ಅವರ ಸ್ವಭಾವದ ಬಗ್ಗೆ ನಾನು ಏನೂ ಹೇಳುವುದಿಲ್ಲ! ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇದೆಯಾ ಅಂತ ಮಾತ್ರ ಕೇಳುತ್ತೇನೆ. ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಸಿಟ್ಟು, ಬೆವರು, ನಡುಕ, ತಲೆ ಗೊಂದಲ ಬರುತ್ತದೆ. ರೇಗುವ ಹೊತ್ತಿಗೇ ಮೆಷಿನ್ನಿನಲ್ಲಿ ನೋಡಿ. ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಆಮೇಲೆ ಊಟ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಹೀಗೆ ಎರಡು ಸಲ ಆದರೆ ಡೋಸ್ ಬಗ್ಗೆ ಡಾಕ್ಟರನ್ನು ಕೇಳಲೇಬೇಕು. ಕಾಫಿ ಕೊಯ್ಲಿನ ಸಮಯದಲ್ಲಿ, ಮಾತ್ರೆ ನುಂಗಿ ತಿಂಡಿ ಬಿಟ್ಟು ತೋಟಕ್ಕೆ ಇಳಿಯುವವರಲ್ಲಿ ಇದನ್ನು ನಾನು ಜಾಸ್ತಿ ನೋಡಿದ್ದೇನೆ.

ಫಿಟ್ಸ್ ಮಾತ್ರೆ ಶುರುವಾದ ಮೇಲೆ ಗಂಡನಿಗೆ ಮೂಗಿನ ತುದಿಯಲ್ಲೇ ಸಿಟ್ಟು.

ಲೆವೆಟಿರಾಸಿಟಂ ಆದರೆ ಇದು ಎಲ್ಲರಿಗೂ ಗೊತ್ತಿರುವ ತೊಂದರೆ. ಡಾಕ್ಟರ ಹತ್ತಿರ ಬದಲಿ ಮಾತ್ರೆಗಳಿವೆ. ನೀವಾಗಿ ನಿಲ್ಲಿಸಿದರೆ ಮಾತ್ರ ಫಿಟ್ಸ್ ಜೋರಾಗಿ ವಾಪಸ್ ಬರಬಹುದು.

ಅಜ್ಜನಿಗೆ ಪಾರ್ಕಿನ್ಸನ್. ಎಂಬತ್ತು ವರ್ಷಕ್ಕೆ ಇಸ್ಪೀಟಿನ ಹುಚ್ಚು ಹಿಡಿದಿದೆ!

ನಗಬೇಡಿ. ಪ್ರಮಿಪೆಕ್ಸೋಲ್, ರೋಪಿನಿರೋಲ್ ಎಂಬ ಮಾತ್ರೆಗಳು ಕೆಲವರಲ್ಲಿ ತಡೆಯಲಾರದ ಚಟ ಹುಟ್ಟಿಸುತ್ತವೆ. ಜೂಜು, ಬೇಡದ್ದೆಲ್ಲಾ ಕೊಳ್ಳುವುದು, ಅತಿಯಾಗಿ ತಿನ್ನುವುದು, ಕಾಮದ ಬಯಕೆ ಮಿತಿ ಮೀರುವುದು. ಮರ್ಯಾದೆಗೆ ಹೆದರಿ ಮನೆಯವರು ಮುಚ್ಚಿಡುತ್ತಾರೆ, ಅಷ್ಟರಲ್ಲಿ ಬ್ಯಾಂಕಿನ ದುಡ್ಡು ಖಾಲಿ. ಡೋಸ್ ಇಳಿಸಿದರೆ ಹೆಚ್ಚಾಗಿ ಹತೋಟಿಗೆ ಬರುತ್ತದೆ. ಅದನ್ನು ಇಳಿಸುವುದು ಡಾಕ್ಟರು, ಮೊಮ್ಮಗ ಅಲ್ಲ.

ಖಿನ್ನತೆಗೇ ಕೊಟ್ಟ ಮಾತ್ರೆ. ತಿಂದ ಮೇಲೆ ಇನ್ನೂ ಚಡಪಡಿಕೆ. ಹಾಗಾದರೆ ಮಾತ್ರೆ ತಪ್ಪಾ?

ಇರಲಾರದು. ಎಸಿಟಲೋಪ್ರಾಂ, ಸರ್ಟ್ರಲಿನ್ ತರಹದ ಮಾತ್ರೆ ಮೊದಲ ಒಂದೆರಡು ವಾರ ತಳಮಳ ಜಾಸ್ತಿ ಮಾಡಬಹುದು. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಬಿತ್ತಿದ ಮಾರನೇ ದಿನ ಗದ್ದೆ ನೋಡಿದರೆ ಏನಿರುತ್ತದೆ?

ಎರಡು ಸಂದರ್ಭದಲ್ಲಿ ಕಾಯಬೇಡಿ. 25 ವರ್ಷದ ಒಳಗಿನವರಲ್ಲಿ ಶುರುವಿನಲ್ಲಿ ಸಾಯುವ ಯೋಚನೆ ಹೆಚ್ಚಾಗುವ ಸಾಧ್ಯತೆ ಇದೆ, ಹಾಗಾಗಿ ಮನೆಯವರು ಕಣ್ಣಿಟ್ಟಿರಬೇಕು. ಇನ್ನೊಂದು, ಒಮ್ಮೆಲೇ ಅತಿ ಉತ್ಸಾಹ, ನಿದ್ದೆಯೇ ಬೇಡ, ಕೈ ಬಿಚ್ಚಿ ಖರ್ಚು. ಅದು ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಅತಿ ಹುರುಪಿಗೆ, ಒಮ್ಮೆ ಕುಸಿತಕ್ಕೆ ಹೊರಳುವ ತೊಂದರೆಯ ಸುಳಿವು ಇರಬಹುದು.

ಈ ಮಾತ್ರೆ ಎರಡು ಮೂರು ದಿನ ತಪ್ಪಿದರೂ ಕೆಲವರಿಗೆ ತಲೆಸುತ್ತು, ತಲೆಯಲ್ಲಿ ಶಾಕ್ ಹೊಡೆದ ಹಾಗೆ, ಸುಮ್ಸುಮ್ನೆ ಅಳು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದು ನೆನಪಿದೆಯಲ್ಲ? ಮನೆಯಲ್ಲಿ ಮೇಣದ ಬತ್ತಿ, ಸೀಮೆಎಣ್ಣೆ ಇತ್ತು, ಮಾತ್ರೆ ಇರಲಿಲ್ಲ ಅಂದವರು ಎಷ್ಟೋ ಜನ. ಮಳೆ ಹಿಡಿಯುವ ಮೊದಲೇ ಎರಡು ವಾರಕ್ಕೆ ಆಗುವಷ್ಟು ಜಾಸ್ತಿ ಬರೆಸಿಕೊಳ್ಳಿ. ಡಬ್ಬಿಯನ್ನು ಒಲೆ ಹತ್ತಿರ ಇಡಬೇಡಿ, ಒದ್ದೆ ಗೋಡೆಗೂ ಒರಗಿಸಬೇಡಿ.

ನಿದ್ದೆ ಮಾತ್ರೆ ಎರಡೇ ಎರಡು ಕೊಡಿ ಅಂದರೂ ಯಾಕೆ ಕೊಡುವುದಿಲ್ಲ?

ನಿದ್ದೆಗೆ ಅಂತ ಜನ ಕೇಳುವ ಅಲ್ಪ್ರಾಜೋಲಂ, ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಷೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ. 2014ರ ಮಾರ್ಚ್ 1ರಿಂದ ಈ ಕಾನೂನು. ಚೀಟಿ ಬೇಕು, ನಿಮ್ಮ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟೆ ಎಲ್ಲಾ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಕಾನೂನು ಇಲ್ಲದಿದ್ದರೂ ನಾನು ಕೊಡುತ್ತಿರಲಿಲ್ಲ. ಕೆಲವು ವಾರ ದಿನಾ ತಿಂದರೆ ಮೈ ಅದಕ್ಕೆ ಒಗ್ಗಿಹೋಗುತ್ತದೆ. ಒಂದು ರಾತ್ರಿ ಇಲ್ಲದಿದ್ದರೆ ನಡುಕ, ಹೆದರಿಕೆ. ಜಾಸ್ತಿ ದಿನ ತಿಂದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ವಯಸ್ಸಾದವರಿಗೆ ಮರೆವು, ರಾತ್ರಿ ಎದ್ದಾಗ ಬೀಳುವುದು.

ಮದುವೆ ಮನೆಯಲ್ಲಿ ಒಂದು ಪೆಗ್?

ನಿದ್ದೆ ಮಾತ್ರೆ, ಟ್ರಮಡಾಲ್ ತರಹದ ನೋವಿನ ಮಾತ್ರೆ ತಿನ್ನುವವರಿಗೆ ಬೇಡವೇ ಬೇಡ, ಉಸಿರೇ ನಿಧಾನ ಆಗಬಹುದು. ಮನೆಯಲ್ಲಿ ಮಾಡಿದ ವೈನ್ ಲೆಕ್ಕಕ್ಕಿಲ್ಲ ಅನ್ನುವವರು ಇಲ್ಲಿ ಬಹಳ. ಅದೂ ಮದ್ಯವೇ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಬರುವ ಮುಂಚೆ ಡಾಕ್ಟರ ಹತ್ತಿರ ನೇರವಾಗಿ ಕೇಳಿ. ಅವರೇನೂ ನಿಮ್ಮ ಮಾವ ಅಲ್ಲ.

ಡಾಕ್ಟರಿಗೆ ಹೇಗೆ ಹೇಳುವುದು? ಬೇಜಾರು ಮಾಡಿಕೊಳ್ಳುವುದಿಲ್ಲವಾ?

"ನಿಮ್ಮ ಮಾತ್ರೆಯಿಂದ ತಲೆ ಕೆಟ್ಟಿತು" ಅಂದರೆ ಯಾರಿಗಾದರೂ ಬೇಜಾರೇ. ಹೀಗೆ ಹೇಳಿ: "ಡಾಕ್ಟ್ರೇ, ಹತ್ತನೇ ತಾರೀಖಿಗೆ ಈ ಮಾತ್ರೆ ಶುರು ಮಾಡಿದೆ. ಹದಿನೆಂಟರಿಂದ ನಿದ್ದೆ ಇಲ್ಲ, ಮಕ್ಕಳ ಮೇಲೆ ರೇಗುತ್ತೇನೆ. ಮೊದಲು ಹೀಗಿರಲಿಲ್ಲ. ಇದರಿಂದ ಇರಬಹುದಾ?" ಅಷ್ಟು ಸಾಕು. ಒಳಗೆ ಹೋದಾಗ ಮರೆತುಹೋಗುತ್ತದೆ, ಚೀಟಿಯ ಹಿಂದೆ ಬರೆದುಕೊಂಡು ಹೋಗಿ. ಮನೆಯವರೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಬದುಕೇ ಬೇಡ ಅನ್ನಿಸಿದರೆ?

ಅಪಾಯಿಂಟ್‌ಮೆಂಟ್ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆಗಲೇ ಏನಾದರೂ ಮಾಡಿಕೊಂಡಿದ್ದರೆ 108. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಗೆ ಹೋಗಬಹುದು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇರುತ್ತದೆ, ಹೊರಡುವ ಮುಂಚೆ ಒಂದು ಫೋನ್ ಮಾಡಿ ಕೇಳಿ.

ಮನೆಯವರಿಗೆ ಒಂದು ಮಾತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕೋವಿ ಇದೆ, ತೋಟದ ಮನೆಗಳಲ್ಲಿ ಕೀಟನಾಶಕ ಇದೆ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡುವವರು ಈಗ ನಾನು ಹೇಳುವುದನ್ನು ಅಪಶಕುನ ಅಂದುಕೊಳ್ಳಬೇಡಿ. ಮನೆಯಲ್ಲಿ ಯಾರ ಮನಸ್ಸಾದರೂ ಕುಸಿದಿದ್ದರೆ ಕೋವಿಯನ್ನು ಬೀಗ ಹಾಕಿಡಿ, ಅದರ ಗುಂಡುಗಳನ್ನು ಬೇರೆ ಕಡೆ ಇಡಿ, ಬೀಗದ ಕೈ ಇನ್ನೊಬ್ಬರ ಹತ್ತಿರ ಇರಲಿ. ಕೀಟನಾಶಕಕ್ಕೂ, ಔಷಧಿ ಡಬ್ಬಿಗೂ ಇದೇ ಮಾತು.

ಮಾತ್ರೆಯ ತೊಂದರೆಯನ್ನು ಸರ್ಕಾರಕ್ಕೆ ತಿಳಿಸಬಹುದಾ?

ಖಂಡಿತ. 2010ರಿಂದ ದೇಶದಲ್ಲಿ ಇದಕ್ಕೊಂದು ಕಾರ್ಯಕ್ರಮ ಇದೆ, ಫಾರ್ಮಕೊವಿಜಿಲೆನ್ಸ್ ಅಂತ. 1800-180-3024ಕ್ಕೆ ಫೋನ್ ಮಾಡಿ. ಡಾಕ್ಟರೇ ಹೇಳಬೇಕು ಅಂತಿಲ್ಲ, ಮಾತ್ರೆ ತಿಂದವರೂ ಹೇಳಬಹುದು.

ಅಂಗಡಿಗೆ ಬರುವಾಗ ಏನು ತರಬೇಕು?

ಎಲ್ಲಾ. ಬರೀ ಹೊಸ ಚೀಟಿ ಅಲ್ಲ. ಮೈಸೂರಿನ ಡಾಕ್ಟರು ಬರೆದಿದ್ದು, ಬೆಂಗಳೂರಿಂದ ಮಗಳು ಕಳಿಸಿದ್ದು, ಪಕ್ಕದ ಮನೆಯವರು "ನನಗೆ ಹಿಡಿಸಿತು" ಅಂತ ಕೊಟ್ಟಿದ್ದು, ಕೆಮ್ಮಿನ ಸಿರಪ್, ಆಯುರ್ವೇದದ ಲೇಹ್ಯ, ಎಲ್ಲಾ ಒಂದು ಚೀಲಕ್ಕೆ ಹಾಕಿ ತನ್ನಿ. ಸ್ಟ್ರಿಪ್ ಕತ್ತರಿಸುವಾಗ ಹೆಸರು, ತಾರೀಖು ಇರುವ ತುದಿಯನ್ನು ಕತ್ತರಿಸಬೇಡಿ. ಸಂಜೆ ನಾಲ್ಕರ ಹೊತ್ತಿಗೆ ಬಂದರೆ ಅಂಗಡಿ ಖಾಲಿ ಇರುತ್ತದೆ, ಕೂತು ನೋಡಬಹುದು. ಮಳೆಗಾಲದಲ್ಲಿ ಏಳಕ್ಕೇ ಬಾಗಿಲು ಹಾಕುತ್ತೇನೆ. ನಮ್ಮ ಮನೆ ದಾರಿಯಲ್ಲಿ ಆನೆ ಇದೆ.